ತಲೆ ತಗ್ಗಿಸುವ ಆ 'ನೀನು' ಯಾರು?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಇಲ್ಲಿನ ಕವಿಗೋಷ್ಠಿಯೊಂದರಲ್ಲಿ ಯುವಕವಿಯೊಬ್ಬರು ಓದಿದ ಕವಿತೆಯನ್ನು ಅವರ ಒಪ್ಪಿಗೆ ಪಡೆದು ಕಳಿಸುತ್ತಿದ್ದೇನೆ, ಹೆಸರು ಹಾಕುವುದು ಬೇಡ ಅಂದಿದ್ದಾರೆ. ನಿರೂಪಕರು 'ಇದು ಕವಿ ತನಗೆ ತಾನೇ ಹೇಳಿಕೊಂಡ ಕವಿತೆ' ಎಂದು ಪರಿಚಯ ಮಾಡಿದರು. ನನಗೆ ಹಾಗೆ ಅನ್ನಿಸಲಿಲ್ಲ. ಮಗ ಅಪ್ಪನ ಬಗ್ಗೆ ಹೇಳಿದ ಹಾಗಿದೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು 'ನೀನು' ಅಂದರೆ ಮುಳುಗಿದ ಊರು ಅಂದರು, ಇನ್ನೊಬ್ಬರು ಸರ್ಕಾರ ಅಂದರು. ಯಾರು ಸರಿ? ತನಗೆ ತಾನೇ ಹೇಳಿಕೊಂಡದ್ದು ಅಂತ ಓದುಗರಿಗೆ ಗೊತ್ತಾಗುವುದಾದರೂ ಹೇಗೆ?

ಕವಿತೆ ಇದು:

ಸೆಕ್ಟರಿನಲ್ಲಿ

ತೊಲೆ ಬಿಚ್ಚಿದೆ. ಜಂತಿ ಎಣಿಸಿದೆ.
ಬಾಗಿಲಿಗೆ ಬರೆದ ಕೆಂಪು ನಂಬರಿನ ಮೇಲೆ
ಅಂಗೈ ಇಟ್ಟು ನೋಡಿದೆ, ಬಣ್ಣ ಹಸಿ ಇತ್ತು.
ಟ್ರ್ಯಾಕ್ಟರಿನ ಹಿಂದೆ ನಡೆದೆ.
ತಿರುಗಿ ನೋಡಿದೆ ಅಂತ ಎಲ್ಲರಿಗೂ ಹೇಳಿದೆ.
ನೋಡಿರಲಿಲ್ಲ.

ಈಗ ಅಗಲ ರಸ್ತೆ, ಸಾಲಾಗಿ ನಿಂತ ಗಿಡ,
ಎತ್ತರದ ಬಾಗಿಲು. ಆದರೂ
ಒಳಗೆ ಬರುವಾಗ ತಲೆ ತಗ್ಗಿಸುತ್ತೀಯ.
ಹೆಂಡತಿ ನಗುತ್ತಾಳೆ. ನೀನೂ ನಗುತ್ತೀಯ.
ನಾನು ನಗುವುದಿಲ್ಲ.

ಬೇಸಿಗೆಗೆ ನೀರು ಇಳಿದಾಗ
ಎಲ್ಲರೂ ಗುಡಿ ಹುಡುಕಿದರು.
ನೀನು ಹಿತ್ತಲು ಹುಡುಕುತ್ತೀಯ.
ಅಲ್ಲಿ ಏನು ಹೂತಿಟ್ಟಿದ್ದೆ, ಹೇಳು.
ಬೇಡ, ಹೇಳಬೇಡ.
ಮಳೆಗಾಲ ಬರಲಿ.

ಊಟಕ್ಕ ಹೊತ್ತಾತು. ಎಲ್ಲಿ ಹೊಂಟಿ?
ಬಾ. ತಲಿ ಬಾಗಿಸಿ ಬಾ.

ಉತ್ತರ: ಸರ್ಕಾರ ಅಂದವರನ್ನು ಮೊದಲು ಕಳಿಸಿಬಿಡೋಣ. ಸರ್ಕಾರ ತಲೆ ತಗ್ಗಿಸಿ ಒಳಗೆ ಬಂದದ್ದನ್ನು ಬಾಗಲಕೋಟೆಯವರು ಯಾರಾದರೂ ನೋಡಿದ್ದಾರಾ? ಊರು ಅಂದವರು ಅದಕ್ಕಿಂತ ಹತ್ತಿರ ಬಂದಿದ್ದಾರೆ. ಮುಳುಗಡೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮಲ್ಲಿ ಎಲ್ಲ ಕವಿತೆಯೂ ಊರಿನ ಕವಿತೆ ಆಗಿಬಿಡುತ್ತದೆ. ಆದರೆ ಊರಿಗೆ ಹೆಂಡತಿ ಇರುವುದಿಲ್ಲ, ಊರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಉಳಿದದ್ದು ನಿಮ್ಮ 'ಅಪ್ಪ'. ಅದನ್ನು ಅಷ್ಟು ಸುಲಭಕ್ಕೆ ಬಿಡಲು ಆಗುವುದಿಲ್ಲ.

ನಿಮಗೆ ಅಪ್ಪ ಯಾಕೆ ಕಂಡರು ಅಂತ ನನಗೆ ಅರ್ಥವಾಗುತ್ತದೆ. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಿನ್ನೀರು ಘಟಪ್ರಭೆಯ ದಂಡೆ ಹತ್ತಿ ಹಳೇ ಬಾಗಲಕೋಟೆಯ ಓಣಿಗಳಿಗೆ ಬಂದದ್ದು ದಶಕಗಳ ನಂತರ. ಹಾಗೆ ಮನೆ ಕಳೆದುಕೊಂಡವರಿಗಾಗಿ ಸೆಕ್ಟರು ಸೆಕ್ಟರಾಗಿ ಕಟ್ಟಿದ್ದು ನಿಮ್ಮ ನವನಗರ. ತೊಲೆ, ಜಂತಿ, ತೇಗದ ಬಾಗಿಲು ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದವರು ಇವತ್ತಿನ ಯುವಕವಿಗಳ ಅಪ್ಪಂದಿರೇ ಇರಬೇಕು, ಲೆಕ್ಕ ಹಾಗೇ ಬರುತ್ತದೆ. (ಆದರೆ ನಮ್ಮ ಕವಿಗೋಷ್ಠಿಗಳಲ್ಲಿ ಐವತ್ತು ದಾಟುವವರೆಗೂ ಯುವಕವಿಯೇ, ಹಾಗಾಗಿ ಈ ಲೆಕ್ಕವನ್ನು ಜಾಸ್ತಿ ನಂಬಬೇಡಿ.) ಹೊಸ ಮನೆಯಲ್ಲೂ ತಲೆ ತಗ್ಗಿಸಿ ಒಳಗೆ ಬರುವ ಮುದುಕ, ಅವನನ್ನು ನೋಡುತ್ತಾ ಕೂತ ಮಗ. ಚಿತ್ರ ಚೆನ್ನಾಗಿ ಕೂರುತ್ತದೆ.

ಆದರೆ ಒಂದು ಕಡೆ ಕೂರುವುದಿಲ್ಲ. 'ಹೆಂಡತಿ ನಗುತ್ತಾಳೆ' ಅಂತಿದೆ. ಮಗ ಹೇಳುತ್ತಿದ್ದರೆ 'ಅವ್ವ ನಗುತ್ತಾಳೆ' ಅನ್ನುತ್ತಿದ್ದ, ಅಲ್ವಾ? ಅಪ್ಪನ ಎದುರಿಗೆ ನಿಂತು ಅವ್ವನನ್ನು 'ಹೆಂಡತಿ' ಅನ್ನುವ ಮಗ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಇದು ಸಣ್ಣ ಗುರುತು. ದೊಡ್ಡದು ಮೊದಲ ಪದ್ಯದಲ್ಲೇ ಇದೆ: 'ತಿರುಗಿ ನೋಡಿದೆ ಅಂತ ಎಲ್ಲರಿಗೂ ಹೇಳಿದೆ. ನೋಡಿರಲಿಲ್ಲ.' ಈ ಮಾತು ಗೊತ್ತಿರಲು ಯಾರಿಗೆ ಸಾಧ್ಯ? ಟ್ರ್ಯಾಕ್ಟರಿನ ಹಿಂದೆ ನಡೆದವನು ಎಲ್ಲರಿಗೂ ಒಂದು ಕಥೆ ಹೇಳಿದ್ದಾನೆ. ಮನೆಯನ್ನು ಕೊನೆಯ ಸಲ ತಿರುಗಿ ನೋಡಿದೆ ಅಂತ. ಮಗನಿಗೂ ಅದನ್ನೇ ಹೇಳಿರುತ್ತಾನೆ, ಹೆಂಡತಿಗೂ ಅದನ್ನೇ. ಅದು ಸುಳ್ಳು ಅಂತ ಗೊತ್ತಿರುವವನು ಅವನೊಬ್ಬನೇ. ಹಾಗಾದರೆ 'ನೋಡಿರಲಿಲ್ಲ' ಅಂತ ಹೇಳುತ್ತಿರುವವನು ಯಾರು?

ಗೊತ್ತಾಗುವುದು ಹೇಗೆ ಅಂತ ನೀವು ಕೇಳಿದ್ದಕ್ಕೆ ನಾನು ಕೊಡುವ ಮೊದಲ ಉತ್ತರ ಇದು. ಕವಿತೆಯಲ್ಲಿ ಮಾತಾಡುವವನಿಗೆ 'ನೀನು' ಬಗ್ಗೆ ಏನೇನು ಗೊತ್ತಿದೆ ಅಂತ ನೋಡಿ. ಗೆಳೆಯನಿಗೆ, ಹೆಂಡತಿಗೆ, ಮಗನಿಗೆ ಗೊತ್ತಿರಬಹುದಾದದ್ದೇ ಇದ್ದರೆ ಆ 'ನೀನು' ಯಾರು ಬೇಕಾದರೂ ಆಗಬಹುದು. ಹೊರಗಿನವರಿಗೆ ಯಾವ ದಾರಿಯಿಂದಲೂ ತಿಳಿಯಲಾಗದ ಒಂದು ಮಾತು ಅಲ್ಲಿ ಸಿಕ್ಕರೆ ಕವಿ ತನ್ನ ಜೊತೆಗೇ ಮಾತಾಡುತ್ತಿದ್ದಾನೆ ಅಂತ ಧೈರ್ಯವಾಗಿ ಹೇಳಿ. ನಿರೂಪಕರು ಹೇಳಿದ್ದಾರೆ ಅನ್ನುವ ಕಾರಣಕ್ಕೆ ಮಾತ್ರ ನಂಬಬೇಡಿ. ಅವರಲ್ಲಿ ಎಷ್ಟೋ ಜನ ಕವಿತೆ ಓದದೇ ಪರಿಚಯ ಮಾಡುತ್ತಾರೆ. ಈ ಸಲ ಸರಿ ಹೇಳಿದ್ದಾರೆ, ಅಷ್ಟೇ.

ಈಗ ಸ್ವಲ್ಪ ವ್ಯಾಕರಣ. ಬೇಜಾರಾದವರು ಮುಂದಿನ ಪತ್ರಕ್ಕೆ ಹೋಗಬಹುದು, ಕನ್ನಡ ಟೀಚರ್ ಆದ ನೀವು ಮಾತ್ರ ಹೋಗುವ ಹಾಗಿಲ್ಲ. ಮೊದಲ ಪದ್ಯದಲ್ಲಿ 'ನಾನು' ಇಲ್ಲ, 'ನೀನು' ಕೂಡ ಇಲ್ಲ. ಬಿಚ್ಚಿದೆ, ಎಣಿಸಿದೆ, ನಡೆದೆ, ಹೇಳಿದೆ. ಬರವಣಿಗೆಯ ಕನ್ನಡದಲ್ಲಿ 'ನಾನು ನಡೆದೆ' ಅಂದರೂ ಸರಿ, 'ನೀನು ನಡೆದೆ' ಅಂದರೂ ಸರಿ. ಭೂತಕಾಲದಲ್ಲಿ ಇಬ್ಬರಿಗೂ ಒಂದೇ ಕ್ರಿಯಾಪದ ಸಾಕು. 'ನೋಡಿರಲಿಲ್ಲ' ಇನ್ನೂ ಜಾಣ, ಅದು ನಾನು, ನೀನು, ಅವಳು, ಅವರು, ಯಾರಿಗಾದರೂ ಹೊಂದುತ್ತದೆ. ಅಂದರೆ ಊರು ಬಿಟ್ಟ ದಿನದ ಮಟ್ಟಿಗೆ ಇಬ್ಬರೂ ಒಬ್ಬರೇ, ಬೇರೆ ಮಾಡಿ ತೋರಿಸಲು ಬರುವುದಿಲ್ಲ.

ಎರಡನೇ ಪದ್ಯಕ್ಕೆ ಬನ್ನಿ. 'ಈಗ' ಅಂತ ಶುರುವಾಗುತ್ತದೆ. ವರ್ತಮಾನಕ್ಕೆ ಬಂದ ಕೂಡಲೇ ಕ್ರಿಯಾಪದ ಗುಟ್ಟು ಬಿಟ್ಟುಕೊಡುತ್ತದೆ. 'ತಗ್ಗಿಸುತ್ತೇನೆ' ಅನ್ನಬೇಕು, ಇಲ್ಲವೇ 'ತಗ್ಗಿಸುತ್ತೀಯ' ಅನ್ನಬೇಕು. ಮಧ್ಯದಲ್ಲಿ ನಿಲ್ಲಲು ಜಾಗವಿಲ್ಲ. ಕವಿ 'ತಗ್ಗಿಸುತ್ತೀಯ' ಅಂದ, ಅಲ್ಲೇ ಒಬ್ಬ ಇಬ್ಬರಾದ. ಒಬ್ಬ ಸೆಕ್ಟರಿನ ಹೊಸ ಮನೆಯೊಳಗೆ ಬರುತ್ತಿದ್ದಾನೆ, ಇನ್ನೊಬ್ಬ ಒಳಗೆಲ್ಲೋ ನಿಂತು ಅವನನ್ನು ನೋಡುತ್ತಿದ್ದಾನೆ. ಮೂರನೇ ಸಾಲಿನ ನಂತರ ಹೆಂಡತಿಯೂ ನಗುತ್ತಾಳೆ, ಇವನೂ ನಗುತ್ತಾನೆ, ಅದಾದ ಮೇಲೆ ಇಡೀ ಕವಿತೆಯಲ್ಲಿ ಒಂದೇ ಒಂದು ಸಲ ಬರುವ ಆ 'ನಾನು' ಬರುತ್ತದೆ: 'ನಾನು ನಗುವುದಿಲ್ಲ.' ನಗುವವನೂ ಅವನೇ, ನಗದೇ ಇರುವವನೂ ಅವನೇ. ಇದನ್ನು 'ನಾನು ನಗುತ್ತೇನೆ, ಆದರೆ ಒಳಗೆ ನಗುವುದಿಲ್ಲ' ಅಂತ ಬರೆದಿದ್ದರೆ ಧಾರಾವಾಹಿಯ ಡೈಲಾಗ್ ಆಗುತ್ತಿತ್ತು. ಈಗ ಆಗಿಲ್ಲ, ಯಾಕೆಂದರೆ ಒಳಗಿನವನು ತನಗೆ ದುಃಖವಾಗಿದೆ ಅಂತ ಎಲ್ಲೂ ಹೇಳುತ್ತಿಲ್ಲ. ನಗಲಿಲ್ಲ, ಅಷ್ಟೇ ಹೇಳಿ ಸುಮ್ಮನಾಗುತ್ತಾನೆ.

ತಲೆ ತಗ್ಗಿಸುವುದರ ಬಗ್ಗೆ ಒಂದು ಮಾತು. ಹಳೇ ಮಾಳಿಗೆ ಮನೆ ನೋಡದ ಓದುಗರಿಗೆ ಇದು ಅವಮಾನದ ಚಿತ್ರ ಅನ್ನಿಸಬಹುದು. ಹಾಗಲ್ಲ. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಆ ಮನೆಗಳಲ್ಲಿ ಒಳಬಾಗಿಲು ತಗ್ಗು. ಬಾಗದೇ ನುಗ್ಗಿದರೆ ಹಣೆಗೆ ಚೌಕಟ್ಟು ಬಡಿಯುತ್ತದೆ. ಹುಡುಗ ಬೆಳೆದು ಒಂದು ಎತ್ತರಕ್ಕೆ ಬಂದ ಮೇಲೆ ಒಂದೆರಡು ಸಲ ಬಡಿಸಿಕೊಂಡು ತಾನಾಗಿ ಕಲಿಯುತ್ತಾನೆ, ಆಮೇಲೆ ಅವನು ಯೋಚಿಸುವುದೇ ಇಲ್ಲ, ಕತ್ತಲೆಯಲ್ಲೂ ಕುತ್ತಿಗೆ ತಾನೇ ಬಾಗುತ್ತದೆ. ನವನಗರದ ಆರ್‌ಸಿಸಿ ಮನೆಗೆ ಆ ಕುತ್ತಿಗೆಯ ಅಗತ್ಯವಿಲ್ಲ. ಅದು ಪರಿಹಾರದ ಪಟ್ಟಿಯಲ್ಲಿ ಇರಲಿಲ್ಲ. ತೊಲೆ ಎಣಿಸಿದ್ದಾರೆ, ಗಿಡ ಎಣಿಸಿದ್ದಾರೆ, ಗೋಡೆ ಅಳೆದಿದ್ದಾರೆ. ಕವಿ ಇದ್ಯಾವುದನ್ನೂ ಬಿಡಿಸಿ ಹೇಳಿಲ್ಲ, ಬಾಗಿಲು ಎತ್ತರ ಅಂತ ಒಂದು ಮಾತು ಹೇಳಿ ಬಿಟ್ಟಿದ್ದಾನೆ. ನನಗೆ ಈ ಕವಿತೆಯಲ್ಲಿ ಜಾಸ್ತಿ ಹಿಡಿಸಿದ ಸಾಲು ಅದೇ.

ಹಿಡಿಸದ್ದೂ ಒಂದಿದೆ. 'ಬಣ್ಣ ಹಸಿ ಇತ್ತು.' ಸರ್ವೆ ಆಗಿ, ನೋಟಿಸ್ ಬಂದು, ಪರಿಹಾರ ಕೈಗೆ ಸಿಕ್ಕು, ಮನೆ ಬಿಚ್ಚುವ ದಿನ ಬರುವ ಹೊತ್ತಿಗೆ ಬಾಗಿಲಿನ ಮೇಲಿನ ನಂಬರು ಒಣಗಿ ಎಷ್ಟೋ ಕಾಲ ಆಗಿರುತ್ತದೆ. ಅಂಗೈಗೆ ಕೆಂಪು ಹತ್ತಬೇಕು ಅನ್ನುವ ಆಸೆಗೆ ಕವಿ ಅದನ್ನು ಹಸಿ ಮಾಡಿದ್ದಾನೆ. ನೆನಪಿನಲ್ಲಿ ಹಸಿಯಾಗಿರಬಹುದು ಅಂತ ಯಾರಾದರೂ ವಾದಿಸಬಹುದು. ಒಪ್ಪುವುದು ಕಷ್ಟ. ಉಳಿದ ಕವಿತೆ ಇಷ್ಟು ಒಣಗಿಸಿ ಮಾತಾಡುವಾಗ ಇದೊಂದು ಮಾತ್ರ ರಂಗು ಬಳಿದುಕೊಂಡು ನಿಂತಿದೆ.

ಮೂರನೇ ಪದ್ಯ ನಿಮ್ಮ ಮಕ್ಕಳಿಗೆ ನಿಧಾನವಾಗಿ ಓದಿಸಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಜಾಗಗಳು ಮತ್ತೆ ಕಾಣುವುದು, ಜನ ಹೋಗಿ ನೋಡಿ ಬರುವುದು ನಿಮಗೆ ಹೊಸದಲ್ಲ. 'ಎಲ್ಲರೂ ಗುಡಿ ಹುಡುಕಿದರು.' ಹುಡುಕಿದರು, ಮುಗಿಯಿತು, ಮನೆಗೆ ಹೋದರು. 'ನೀನು ಹಿತ್ತಲು ಹುಡುಕುತ್ತೀಯ.' ಇದು ಮುಗಿದಿಲ್ಲ. ಗುಡಿಗೆ ಯಾರಾದರೂ ಇರುತ್ತಾರೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪದ ಸುತ್ತ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದಾಗ ಬಾವಿಯ ಹಾಗೆ ಗೋಡೆ ಎಬ್ಬಿಸಿ ಉಳಿಸಿಕೊಂಡೆವು, ಈಗ ಮೆಟ್ಟಿಲು ಇಳಿದು ಹೋಗಿ ನೋಡುತ್ತೇವೆ. ಒಬ್ಬನ ಹಿತ್ತಲಿಗೆ ಯಾರು ಗೋಡೆ ಕಟ್ಟುತ್ತಾರೆ? ಮುಳುಗಡೆಯ ಮೇಲೆ ಬಂದ ಬಹಳಷ್ಟು ಕವಿತೆಗಳು ಗುಡಿ, ಅಗಸಿ, ಬಾವಿಕಟ್ಟೆ ಅಂತ ಊರಿಗೆಲ್ಲ ಸೇರಿದ್ದನ್ನೇ ಹಿಡಿಯುತ್ತವೆ. ಈ ಕವಿ ಹಿತ್ತಲಿಗೆ ಹೋದ.

'ಅಲ್ಲಿ ಏನು ಹೂತಿಟ್ಟಿದ್ದೆ, ಹೇಳು.' ಮತ್ತೆ ಭೂತಕಾಲ ಬಂತು, ಮತ್ತೆ ಕ್ರಿಯಾಪದ ಎರಡೂ ಕಡೆ ಸಲ್ಲುತ್ತದೆ. ನೀನು ಹೂತಿಟ್ಟಿದ್ದೆಯಾ, ನಾನು ಹೂತಿಟ್ಟಿದ್ದೆನಾ? ಮೇಲಿನ ಸಾಲಿನಲ್ಲಿ 'ನೀನು' ಇರುವುದರಿಂದ ನಾವು 'ನೀನು' ಅಂತಲೇ ಓದಿಕೊಂಡು ಹೋಗುತ್ತೇವೆ. ಆದರೆ ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿರುವ ಹಾಗೆ, ಅದನ್ನು ತನ್ನ ಬಾಯಿಂದ ಹೇಳಲಾರದೆ ಇನ್ನೊಬ್ಬನ ಬಾಯಿಂದ ಹೇಳಿಸಲು ನೋಡುವ ಹಾಗೆ ಇದೆ. ಆಮೇಲೆ ಅದೂ ಬೇಡ ಅನ್ನುತ್ತಾನೆ. ಏನಿತ್ತು ಅಲ್ಲಿ? ನಿಮ್ಮ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆ ಎದ್ದೇ ಏಳುತ್ತದೆ. ಬಂಗಾರ ಅನ್ನುವವರು ಇರುತ್ತಾರೆ. ಬಾಣಂತನವಾದ ಮನೆಯ ಹಿತ್ತಲಲ್ಲಿ ಮಗುವಿನ ಮಾಸು ಹೂಳುವ ಪದ್ಧತಿ ನೆನಪಾಗಿ, ಅವನು ಹುಟ್ಟಿದ್ದೇ ಆ ಮನೆಯಲ್ಲಿ ಅನ್ನುವವರು ಇರುತ್ತಾರೆ. ಸತ್ತ ಕೂಸು ಅಂತ ಯಾರೋ ಒಬ್ಬರು ಮೆಲ್ಲಗೆ ಅನ್ನಬಹುದು. ಮೂರೂ ಆಗುತ್ತದೆ, ಆದರೆ ಒಂದನ್ನು ಆರಿಸಿ ಬೋರ್ಡ್ ಮೇಲೆ ಬರೆಸಬೇಡಿ. 'ಹೇಳಬೇಡ' ಅಂತ ಕವಿತೆಯೇ ಹೇಳಿದ ಮೇಲೆ ಟೀಚರ್ ಹೇಳಿಬಿಟ್ಟರೆ ಹೇಗೆ?

'ಮಳೆಗಾಲ ಬರಲಿ' ಅನ್ನುವುದನ್ನು ನಿಮ್ಮೂರಿನ ಲೆಕ್ಕದಲ್ಲೇ ಓದಬೇಕು. ಬಾಗಲಕೋಟೆ ಒಣ ಸೀಮೆ. ಅಲ್ಲಿ ಆಕಾಶ ನೋಡಿ ನೀರು ಬರುವುದು ಗೊತ್ತಾಗುವುದಿಲ್ಲ. ಮಳೆ ಸಹ್ಯಾದ್ರಿಯ ಮೇಲೆ ಬೀಳುತ್ತದೆ, ಕೃಷ್ಣೆ ಘಟಪ್ರಭೆ ತುಂಬುತ್ತವೆ, ಇಲ್ಲಿ ಹನಿ ಬೀಳದಿದ್ದರೂ ಹಿತ್ತಲು ಮತ್ತೆ ಮುಳುಗುತ್ತದೆ. ಬಯಲಾಗಿದ್ದು ಮುಚ್ಚಿಹೋಗಲಿ ಅಂತ ಅವನು ಕಾಯುತ್ತಿದ್ದಾನೆ. ನೀರು ಬಂದು ಎಲ್ಲ ಹಾಳಾಯಿತು ಅಂತ ಗೋಳಾಡುವ ಕಡೆ ನೀರು ಬೇಗ ಬರಲಿ ಅನ್ನುವ ಒಬ್ಬ ಸಿಕ್ಕ ನೋಡಿ. ಅದರ ಜೊತೆಗೆ ಇನ್ನೊಂದು ದನಿಯೂ ಕೇಳುತ್ತದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಮತ್ತೆ ಯಾರ ಮನೆ, ಯಾರ ಹೊಲ ಎನ್ನುವ ಮಾತು ನಿಮ್ಮ ಕಡೆ ಚಹಾದಂಗಡಿಯಲ್ಲಿ ದಿನಾ ಇರುತ್ತದೆ. ಹಾಗಿರುವಾಗ ಈ ಸಾಲನ್ನು ನವನಗರದ ಸಭೆಯಲ್ಲಿ ಓದಿದರೆ ಜನ ಅದನ್ನು ಒಬ್ಬ ವ್ಯಕ್ತಿಯ ಮಾತು ಅಂತಷ್ಟೇ ಕೇಳಿಸಿಕೊಂಡಿರಲಾರರು. ಬಹುಶಃ ನಿಮ್ಮ ಸಹೋದ್ಯೋಗಿಗಳಿಗೆ ಊರು, ಸರ್ಕಾರ ಎಲ್ಲ ಕಂಡದ್ದು ಇಲ್ಲಿಂದಲೇ.

ಕೊನೆಯ ಎರಡು ಸಾಲಿನಲ್ಲಿ ಭಾಷೆ ಬದಲಾಗುತ್ತದೆ. ಅಲ್ಲಿವರೆಗೆ ಪುಸ್ತಕದ ಕನ್ನಡ, ಇಲ್ಲಿ ಒಮ್ಮೆಲೇ ಓಣಿಯ ಕನ್ನಡ. ನಮ್ಮ ಆಡುಮಾತಿನಲ್ಲಿ ಭೂತಕಾಲದಲ್ಲೂ ಮುಚ್ಚುಮರೆ ಇಲ್ಲ: 'ನಾ ಹೊಂಟೆ', 'ನೀ ಹೊಂಟಿ'. ಕವಿಗೆ ಇಷ್ಟು ಹೊತ್ತು ಅಡಗಲು ಜಾಗ ಕೊಟ್ಟದ್ದು ಬರವಣಿಗೆಯ ಕನ್ನಡ. ಅದು ಹೋದ ಮೇಲೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಸ್ಪಷ್ಟ. ಹೆಂಡತಿ ಕರೆಯುತ್ತಿದ್ದಾಳೆ ಅಂತ ಕೆಲವರು ಓದಿಯಾರು. ಬಾಗಲಕೋಟೆ ಕಡೆಯ ಹೆಂಡತಿ ಗಂಡನಿಗೆ 'ಎಲ್ಲಿ ಹೊಂಟ್ರಿ' ಅನ್ನುವುದೇ ಜಾಸ್ತಿ. 'ಎಲ್ಲಿ ಹೊಂಟಿ, ಊಟಕ್ಕ ಹೊತ್ತಾತು' ಅನ್ನುವವಳು ಅವ್ವ. ಅವ್ವ ಬದುಕಿದ್ದಾಳೋ ಇಲ್ಲವೋ ಕವಿತೆ ಹೇಳುವುದಿಲ್ಲ. ನನಗೆ ಕಾಣುವುದು ಇಷ್ಟು: ಒಳಗೆ ನಿಂತು ಇವನನ್ನು ತೂಗುತ್ತಿದ್ದವನು, ನಗದೇ ಇದ್ದವನು, ಹೂತದ್ದನ್ನು ಕೆದಕಲು ಹೋದವನು ಕೊನೆಗೆ ಅವ್ವನ ಮಾತನ್ನು ತನ್ನ ಬಾಯಿಗೆ ತಂದುಕೊಳ್ಳುತ್ತಾನೆ. ನೆಟ್ಟಗೆ ನಿಲ್ಲು, ಬಾಗಿಲು ಎತ್ತರವಿದೆ, ಮರೆತುಬಿಡು ಅನ್ನುವುದಿಲ್ಲ. ಬಾಗಿಸಿಯೇ ಬಾ ಅನ್ನುತ್ತಾನೆ.

ತನ್ನನ್ನು ತಾನು ಕರೆದು ಮಾತಾಡುವುದು ಕನ್ನಡಕ್ಕೆ ಹೊಸದಲ್ಲ, ನಿಮಗೆ ಗೊತ್ತೇ ಇದೆ. ದಾಸರು ಮನಸ್ಸನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಡಿವಿಜಿ 1943ರಲ್ಲಿ 'ಮಂಕುತಿಮ್ಮ' ಅಂತ ಒಬ್ಬನನ್ನು ಕರೆದು ಕಗ್ಗ ಹೇಳಿದರು. ಕುವೆಂಪು ತಮ್ಮ ಚೇತನಕ್ಕೇ ಅನಿಕೇತನವಾಗು ಅಂದರು. ಅಲ್ಲೆಲ್ಲ ಮೇಲೆ ನಿಂತ ಒಂದು ದನಿ ಕೆಳಗಿರುವುದಕ್ಕೆ ದಾರಿ ತೋರುತ್ತದೆ, ಅಥವಾ ಎತ್ತರಕ್ಕೆ ಕರೆಯುತ್ತದೆ. ನಿಮ್ಮ ಯುವಕವಿಯ ಕವಿತೆಯಲ್ಲಿ ಹೇಳುವವನಿಗೆ ಕೇಳುವವನಿಗಿಂತ ಜಾಸ್ತಿ ಏನೂ ತಿಳಿದಿಲ್ಲ. ಮನೆ ಕಳೆದುಕೊಂಡವನಿಗೆ 'ಅನಿಕೇತನವಾಗು' ಅಂತ ಹೇಳಲು ಅವನಿಗೆ ಬಾಯಿ ಬರುವುದಿಲ್ಲ.

ಕ್ಲಾಸಿನಲ್ಲಿ ಒಂದು ಪ್ರಯೋಗ ಮಾಡಿಸಿ. ಎಲ್ಲ 'ನೀನು'ಗಳನ್ನು 'ನಾನು' ಮಾಡಿ ಗಟ್ಟಿಯಾಗಿ ಓದಿಸಿ. 'ಒಳಗೆ ಬರುವಾಗ ತಲೆ ತಗ್ಗಿಸುತ್ತೇನೆ. ಹೆಂಡತಿ ನಗುತ್ತಾಳೆ. ನಾನೂ ನಗುತ್ತೇನೆ.' ಆಮೇಲೆ 'ನಾನು ನಗುವುದಿಲ್ಲ' ಹತ್ತಿರ ಬಂದಾಗ ಕವಿತೆ ಕಾಲು ಮುರಿದುಕೊಂಡು ಬೀಳುತ್ತದೆ. ಎಲ್ಲಿ ಬಿತ್ತು ಅಂತ ಮಕ್ಕಳೇ ತೋರಿಸುತ್ತಾರೆ.

ಪ್ರಶ್ನೆ: ತನಗೆ ತಾನೇ ಬರೆದುಕೊಂಡದ್ದು ಡೈರಿ ಅಲ್ವಾ ಸರ್? ನಾವು ಯಾಕೆ ಓದಬೇಕು? ಪರೀಕ್ಷೆಯಲ್ಲಿ 'ಕವಿಯ ಆಶಯವೇನು' ಅಂತ ಕೇಳುತ್ತಾರೆ. ಆತ್ಮಗತವಾಗಿ ಮಾತಾಡಿಕೊಂಡ ಅಂತ ಒಂದು ಸಾಲು ಬರೆದರೆ ಎರಡು ಅಂಕ ಕೊಟ್ಟು ಕಳಿಸುತ್ತಾರೆ. (ಬಿ.ಎ. ವಿದ್ಯಾರ್ಥಿ, ವಿಜಯಪುರ)

ಉತ್ತರ: ನಿಮ್ಮ ಸಿಟ್ಟು ಸರಿಯಾಗಿದೆ, ಡೈರಿ ಅನ್ನುವುದು ಸರಿಯಿಲ್ಲ. ನಮ್ಮ ಕಡೆಯ ಬಯಲಾಟ ಶ್ರೀಕೃಷ್ಣ ಪಾರಿಜಾತ ನೋಡಿದ್ದೀರಾ? ಕೌಜಲಗಿ ನಿಂಗಮ್ಮನವರ ಸತ್ಯಭಾಮೆಯ ಬಗ್ಗೆ ಹಿರಿಯರು ಈಗಲೂ ಮಾತಾಡುತ್ತಾರೆ, ಕೇಳಿ ನೋಡಿ. ಕೃಷ್ಣ ಬರಲಿಲ್ಲ ಅಂತ ಸತ್ಯಭಾಮೆ ತನ್ನೊಳಗೇ ಹಲುಬುತ್ತಾಳೆ. ಅವಳ ಪಾಲಿಗೆ ಅಲ್ಲಿ ಯಾರೂ ಇಲ್ಲ. ಬಯಲಲ್ಲಿ ಕಂಬಳಿ ಹೊದ್ದು ಕೂತ ಇಡೀ ಊರಿಗೆ ಕೇಳುತ್ತಿದೆ ಅನ್ನುವುದು ಹಾಡುವವರಿಗೆ ಚೆನ್ನಾಗಿ ಗೊತ್ತು. ದನಿ ಅದಕ್ಕೆ ತಕ್ಕ ಹಾಗೆ ಎತ್ತಿರುತ್ತಾರೆ. ತನಗೆ ತಾನೇ ಹೇಳಿಕೊಳ್ಳುವ ಕವಿತೆಯ ಕೆಲಸ ಹೀಗೆಯೇ. ಡೈರಿ ಬರೆಯುವವನಿಗೆ ನಮ್ಮ ಹಂಗಿಲ್ಲ, 'ಇವತ್ತು ಹೋಗಿದ್ದೆ, ಅದೇ ಆಯಿತು' ಅಂತ ಬರೆದರೆ ಅವನಿಗೆ ಸಾಕು. ಮೇಲಿನ ಕವಿತೆಯಲ್ಲಿ ತೊಲೆ, ಜಂತಿ, ಕೆಂಪು ನಂಬರು, ಟ್ರ್ಯಾಕ್ಟರು ಎಲ್ಲ ಇರುವುದು ನಿಮಗಾಗಿ, ನನಗಾಗಿ. ಅವನಿಗೆ ಅವು ಗೊತ್ತೇ ಇವೆ.

ಇನ್ನು ಅಂಕದ ವಿಷಯ. 'ಆತ್ಮಗತ' ಅಂತ ಬರೆದು ಬಿಡಬೇಡಿ, ಅದು ಚೀಟಿ ಅಂಟಿಸಿದ ಹಾಗೆ ಆಗುತ್ತದೆ. ಮಾತಾಡುವ ದನಿಗೂ ಕೇಳಿಸಿಕೊಳ್ಳುವವನಿಗೂ ಎಲ್ಲಿ ಜಗಳ, ಎಲ್ಲಿ ರಾಜಿ ಅಂತ ಕವಿತೆಯ ಎರಡು ಸಾಲು ಹಿಡಿದು ತೋರಿಸಿ. 'ಕವಿ ಹೇಳುತ್ತಾನೆ' ಅನ್ನುವ ಬದಲು 'ಕವಿತೆಯಲ್ಲಿ ಮಾತಾಡುವವನು ಹೇಳುತ್ತಾನೆ' ಅಂತ ಬರೆಯುವ ರೂಢಿ ಮಾಡಿಕೊಳ್ಳಿ. ಕವಿಗೆ ಮದುವೆಯೇ ಆಗಿರಲಿಕ್ಕಿಲ್ಲ, ಅವರ ಮನೆ ಮುಳುಗದೆಯೂ ಇರಬಹುದು, ಆದರೂ ಆ ಕವಿತೆಯ ಹೆಂಡತಿ ನಗಬಹುದು. ಬೆಲೆ ಕಟ್ಟುವವರು ಎರಡೇ ಅಂಕ ಕೊಟ್ಟರೆ ನಾನೇನೂ ಮಾಡಲಾರೆ, ಓದಿದ ಸುಖ ನಿಮ್ಮದು.

ಪ್ರಶ್ನೆ: ನಾನೂ ನನ್ನನ್ನೇ ಉದ್ದೇಶಿಸಿ ಒಂದು ಕವಿತೆ ಬರೆದಿದ್ದೇನೆ. ಆರಂಭ ಹೀಗಿದೆ: 'ಓ ಮನವೇ ಏಳು, ಸೋಲಿಗೆ ಅಂಜದಿರು, ಗೆಲುವಿನ ಸೂರ್ಯ ಮೂಡುವನು.' ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಮೆಚ್ಚಿದರು. ಪತ್ರಿಕೆಯವರು ಮಾತ್ರ ಹಾಕುವುದಿಲ್ಲ. ತಪ್ಪೇನಿದೆ? (ಟಿಳಕವಾಡಿ, ಬೆಳಗಾವಿ)

ಉತ್ತರ: ಗ್ರೂಪಿನವರು ಕವಿತೆಗೆ ಹೂವಿನ ಚಿತ್ರ ಹಾಕುವುದು ಸ್ನೇಹಕ್ಕೆ. ಅದನ್ನು ಇಟ್ಟುಕೊಳ್ಳಿ, ಆದರೆ ಲೆಕ್ಕಕ್ಕೆ ಹಿಡಿಯಬೇಡಿ.

ನಿಮ್ಮ ಮೂರು ಸಾಲಿನಲ್ಲಿ 'ಮನ' ಅಂತ ಇದೆ, ಅದು ನಿಮ್ಮದೇ ಅಂತ ನನಗೆ ಗೊತ್ತಾಗುತ್ತಿಲ್ಲ. ಯಾರ ಮನಸ್ಸಿಗಾದರೂ ಹೇಳಬಹುದಾದ ಮಾತು, ಬಸ್ಸಿನ ಹಿಂದೆ ಬರೆಸಿದರೂ ನಡೆಯುತ್ತದೆ. ಯಾವ ಸೋಲು? ಪರೀಕ್ಷೆಯಾ, ಅಂಗಡಿ ಮುಚ್ಚಿದ್ದಾ, ಅಣ್ಣನ ಜೊತೆ ಮಾತು ಬಿಟ್ಟದ್ದಾ? ಬೆಳಗಾವಿಯ ಮಳೆಯಲ್ಲಿ ನೆಂದುಕೊಂಡು ಹೋಗಿ ಯಾರದೋ ಬಾಗಿಲು ತಟ್ಟದೇ ವಾಪಸ್ ಬಂದದ್ದಾ? ನಿಮಗೆ ಮಾತ್ರ ಗೊತ್ತಿರುವ, ಹೇಳಲು ಸ್ವಲ್ಪ ಕಿರಿಕಿರಿ ಆಗುವ ಒಂದು ಸಂಗತಿ ಬರೆಯಿರಿ. ಸೂರ್ಯ ಮೂಡುವುದು ಬಿಡುವುದು ಅವನಿಗೆ ಬಿಟ್ಟದ್ದು.

ಇನ್ನೊಂದು. ನಿಮ್ಮ ಏರಿಯಾದಲ್ಲಿ ಎಷ್ಟೋ ಜನ ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಆಫೀಸಿನಲ್ಲಿ ಮತ್ತೊಂದು ಭಾಷೆ ಮಾತಾಡುತ್ತಾರೆ. ಕಾಲಿಗೆ ಕಲ್ಲು ಎಡವಿದಾಗ ನಿಮಗೆ ಯಾವ ಭಾಷೆ ಬಾಯಿಗೆ ಬರುತ್ತದೆ? ನಿಮ್ಮನ್ನು ನೀವು ಬೈದುಕೊಳ್ಳುವುದು ಯಾವ ಮಾತಿನಲ್ಲಿ? ಖಂಡಿತ 'ಓ ಮನವೇ' ಅಂತ ಅಲ್ಲ. 'ಏ ಹುಚ್ಚಪ್ಯಾಲಿ' ಅಂತಲೋ, ಮರಾಠಿಯಲ್ಲಿ 'ಅರೇ ವೇಡ್ಯಾ' ಅಂತಲೋ ಇರಬೇಕು. ಅಲ್ಲಿಂದ ಶುರು ಮಾಡಿ ನೋಡಿ. ಎರಡು ಭಾಷೆಯೂ ಬಂದರೆ ಬರಲಿ, ಸಂಪಾದಕರ ಜೊತೆ ಆಮೇಲೆ ಜಗಳ ಆಡೋಣ.

ಪ್ರಶ್ನೆ: ಆ ಕವಿತೆಯನ್ನು ನನ್ನ ಗೆಳತಿ ಕಳಿಸಿದಳು. ನಾನು ಮುಳುಗಡೆಯವಳಲ್ಲ, 'ನೀನು' ಅಂದಾಗಲೆಲ್ಲ ನನಗೇ ಹೇಳುತ್ತಿರುವ ಹಾಗೆ ಅನ್ನಿಸಿ ಸಿಟ್ಟು ಬಂತು. ಇದು ತಪ್ಪು ಓದಾ? (ಜಮಖಂಡಿ)

ಉತ್ತರ: ತಪ್ಪಲ್ಲ. 'ನೀನು' ಅಂತ ಗಟ್ಟಿಯಾಗಿ ಕರೆದರೆ ಹತ್ತಿರ ಇದ್ದವರೆಲ್ಲ ತಿರುಗಿ ನೋಡುತ್ತಾರೆ. ಹಾಗೆ ಬರೆಯುವ ಕವಿಗೆ ಅದು ಗೊತ್ತಿರುತ್ತದೆ, ಸ್ವಲ್ಪ ಬೇಕಾಗಿಯೂ ಇರುತ್ತದೆ. ಯಾವ ಸಾಲಿಗೆ ಸಿಟ್ಟು ಬಂತು ಅಂತ ನೀವು ಬರೆದಿಲ್ಲ. 'ಎಲ್ಲರಿಗೂ ಹೇಳಿದೆ' ಅನ್ನುವ ಕಡೆಯೇ ಬಂದಿದ್ದರೆ ನಾನು ಮುಂದೆ ಏನೂ ಕೇಳುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಕವಿಗೇ ಫೋನ್ ಮಾಡಿ ಕೇಳಿದರೆ ಆಗುವುದಿಲ್ಲವೇ? (ಇಂಡಿ)

ಉತ್ತರ: ಆಗುತ್ತದೆ, ಕೇಳಿ. ಅವರು 'ಅಪ್ಪನ ಮೇಲೆ ಬರೆದದ್ದು' ಅಂದರೂ ಅನ್ನಬಹುದು. ಆಗ ಹಾಗಾದರೆ 'ಹೆಂಡತಿ' ಅಂತ ಯಾಕೆ ಬರೆದಿರಿ ಅಂತ ನನ್ನ ಪರವಾಗಿ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ಕಳಿಸಿ.